ಹನಿ ಕಣ್ಣಿಗೆ ಬಿತ್ತೋ, ಕೆನ್ನೆಗೆ ಬಿತ್ತೋ? ಗ್ಲಾಕೋಮಾ ಡ್ರಾಪ್ಸ್ ತಪ್ಪದಂತೆ ನೋಡಿಕೊಳ್ಳುವ ಬಗೆ

ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ. ಹಾಗಾಗಿ ಅರಸೀಕೆರೆಯ ಮನೆಯ ಫ್ರಿಜ್ ಬಾಗಿಲಲ್ಲಿ ಮೊಟ್ಟೆಗೆಂದು ಮಾಡಿರುವ ಕುಳಿಗಳಲ್ಲಿ ನಿಂಬೆಹಣ್ಣು ಕೂರುತ್ತವೆ, ಅವುಗಳ ಪಕ್ಕ ಅಮ್ಮನ ಕಣ್ಣಿನ ಡ್ರಾಪ್ಸ್. ಹೋದ ಯುಗಾದಿಗೆ ಊರಿಗೆ ಹೋದಾಗ ನಿಂಬೆಹಣ್ಣಿಗೆ ಕೈ ಹಾಕಿದೆ, ಸಿಕ್ಕಿದ್ದು ಮೂರು ಬಾಟಲಿ. ಮೂರೂ ಡಿಸೆಂಬರಿನಲ್ಲಿ ನಾನೇ ಕೊಟ್ಟುಹೋಗಿದ್ದವು. ತಿಂಗಳಿಗೊಂದರಂತೆ ಅಷ್ಟರಲ್ಲಿ ಖಾಲಿಯಾಗಿರಬೇಕಿತ್ತು. ಎರಡರ ಸೀಲೇ ಒಡೆದಿರಲಿಲ್ಲ.

“ದಿನಾ ಹಾಕ್ಕೋತಿದ್ದೀಯಾ ಅಮ್ಮ?”

“ಹಾಕ್ಕೋತೀನಿ ಕಣೇ. ಕಣ್ಣು ಚೆನ್ನಾಗೇ ಕಾಣತ್ತಲ್ಲ.”

ಅವಳ ಎರಡನೇ ಮಾತಿನಲ್ಲೇ ಕಾರಣ ಇತ್ತು. ಅದು ನನಗೆ ಹೊಳೆದದ್ದು ಆಮೇಲೆ. ಆವತ್ತು ಮಾತ್ರ ಹಬ್ಬದ ದಿನವೇ ರೇಗಾಡಿ, ಇಬ್ಬರೂ ಮುಖ ಊದಿಸಿಕೊಂಡು ಹೋಳಿಗೆ ತಿಂದೆವು. ಆ ರೇಗಾಟದಿಂದ ಒಂದು ಹನಿಯೂ ಹೆಚ್ಚಿಗೆ ಕಣ್ಣಿಗೆ ಬೀಳಲಿಲ್ಲ. ಮುಂದಿನ ಒಂದು ವರ್ಷದಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಔಷಧಿ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ಬರೆದುಕೊಟ್ಟ ಔಷಧಿ ಕಣ್ಣಿನೊಳಗೆ ಹೋಗುವಂತೆ ಮಾಡುವುದಷ್ಟೇ ಮನೆಯವರ ಪಾಲಿನದು.

ಮೊದಲು ಬಾಟಲಿ ಎಣಿಸಿ, ಆಮೇಲೆ ಮಾತಾಡಿ

ಕಣ್ಣಿನ ಡ್ರಾಪ್ಸ್ ವಿಷಯದಲ್ಲಿ ಹೇಳುವುದಕ್ಕೂ ಹಾಕಿಕೊಳ್ಳುವುದಕ್ಕೂ ಅಂತರ ಇದ್ದೇ ಇರುತ್ತದೆ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ ಹಲವು ಸಲ ಹಾಕಬೇಕಿದ್ದ ಪೈಲೋಕಾರ್ಪಿನ್ ಎಂಬ ಹಳೇ ಡ್ರಾಪ್ಸ್‌ನ ಬಾಟಲಿಗೆ ಲೆಕ್ಕ ಇಡುವ ಯಂತ್ರ ಕೂರಿಸಿ ಕೊಟ್ಟಿದ್ದರು. ರೋಗಿಗಳ ಬಾಯಿಮಾತಿನ ಲೆಕ್ಕ ನೂರಕ್ಕೆ 97. ಯಂತ್ರದ ಲೆಕ್ಕ 76. ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದರು ಎಂದು ನನಗನ್ನಿಸುವುದಿಲ್ಲ. ನೆನ್ನೆ ಹಾಕಿದ್ದೋ ಮೊನ್ನೆ ಹಾಕಿದ್ದೋ ಎಂಬುದು ತಲೆಯಲ್ಲಿ ಒಂದಾಗಿಬಿಡುತ್ತದೆ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಹಾಗೆ.

ಆದ್ದರಿಂದ ಕೇಳುವ ಮೊದಲು ಎಣಿಸಿ. ಲಟಾನೊಪ್ರಾಸ್ಟ್‌ನಂಥ ಔಷಧಿಯ 2.5 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 80 ಹನಿ ಇರುತ್ತವೆ. ಎರಡು ಕಣ್ಣು, ರಾತ್ರಿ ಒಂದೊಂದು ಹನಿ ಎಂದರೆ ತಿಂಗಳಿಗೆ 60. ತಿಂಗಳಾದರೂ ಬಾಟಲಿ ಅರ್ಧ ಉಳಿದಿದ್ದರೆ ಹನಿ ತಪ್ಪುತ್ತಿದೆ. ಇಪ್ಪತ್ತೇ ದಿನಕ್ಕೆ ಖಾಲಿಯಾದರೆ ಅದನ್ನು ಶ್ರದ್ಧೆ ಎಂದುಕೊಳ್ಳಬೇಡಿ, ಕಣ್ಣಿಗೊಂದು ಹನಿ ಬಿದ್ದರೆ ಕೆನ್ನೆಗೊಂದು ಬೀಳುತ್ತಿದೆ ಎಂದರ್ಥ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಎಣಿಸಿದ ಮೇಲೆ “ಹಾಕ್ಕೋತಿದ್ದೀಯಾ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೂಂ ಎನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. “ವಾರದಲ್ಲಿ ಎಷ್ಟು ದಿನ ತಪ್ಪಿಹೋಗತ್ತೆ?” ಎಂದು ಕೇಳಿ. ಎಲ್ಲರಿಗೂ ತಪ್ಪುತ್ತದೆ ಎಂಬುದನ್ನು ಆ ಪ್ರಶ್ನೆಯೇ ಒಪ್ಪಿಕೊಂಡಿರುತ್ತದೆ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ, “ಮೂರ್ನಾಕು ದಿನ ಇರಬೋದು” ಎಂದಳು.

“ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ”

ಬಿಡುವುದಕ್ಕೆ ದೊಡ್ಡ ಕಾರಣ ಮರೆವು ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮಂಡಿನೋವಿನ ಮಾತ್ರೆಯನ್ನು ಅಮ್ಮ ಎಂದೂ ಮರೆತವಳಲ್ಲ. ನುಂಗಿದರೆ ಅರ್ಧ ಗಂಟೆಯಲ್ಲಿ ಗುಣ ಗೊತ್ತಾಗುತ್ತದೆ, ಬಿಟ್ಟರೆ ಮಂಡಿಯೇ ನೆನಪಿಸುತ್ತದೆ. ಗ್ಲಾಕೋಮಾ ಹಾಗಲ್ಲ. ಕಣ್ಣಿನೊಳಗಿನ ಒತ್ತಡದಿಂದ ಕಣ್ಣಿನ ಹಿಂದಿನ ನರ ಎಳೆ ಎಳೆಯಾಗಿ ಸವೆಯುತ್ತ ಹೋಗುತ್ತದೆ. ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಬದಿಯ ನೋಟ, ನಡುವಿನ ನೋಟ ಕೊನೆಯತನಕ ಉಳಿದಿರುತ್ತದೆ. ಪೇಪರ್ ಓದಬಹುದು, ಸೂಜಿಗೆ ದಾರ ಪೋಣಿಸಬಹುದು, ಆದರೆ ಪಕ್ಕದಿಂದ ಬಂದ ಸ್ಕೂಟರ್ ಕಾಣುವುದಿಲ್ಲ. ಹನಿ ಹಾಕಿದರೆ ಸಿಗುವುದು ಒಂದಿಷ್ಟು ಉರಿ, ಅರೆಗಳಿಗೆ ಮಸುಕು. ಬಿಟ್ಟರೆ ಆ ಉರಿಯೂ ಇಲ್ಲ. ಇಂಥ ಔಷಧಿಯನ್ನು ಮನಸ್ಸು ತಾನಾಗಿ ನೆನಪಿಟ್ಟುಕೊಳ್ಳುವುದಾದರೂ ಯಾಕೆ?

ನಮ್ಮ ಕಡೆ ಇನ್ನೊಂದು ತೊಡಕು ಸೇರಿಕೊಂಡಿದೆ. ಅಮ್ಮನ ವಯಸ್ಸಿನವರಿಗೆ ಕಣ್ಣಿನ ಚಿಕಿತ್ಸೆ ಎಂದರೆ ಡಾ. ಎಂ.ಸಿ. ಮೋದಿಯವರ ಶಿಬಿರಗಳ ನೆನಪು. ಶಾಲೆಯಲ್ಲೋ ಛತ್ರದಲ್ಲೋ ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದರು, ಪಟ್ಟಿ ಬಿಚ್ಚಿದ ದಿನ ಅಜ್ಜಿ ಮೊಮ್ಮಗನ ಮುಖ ನೋಡುತ್ತಿದ್ದಳು. ಕಣ್ಣಿನ ಡಾಕ್ಟರ್ ಎಂದರೆ ದೃಷ್ಟಿ ವಾಪಸ್ ಕೊಡುವವರು ಎಂಬ ನಂಬಿಕೆ ಆಗಿನಿಂದ ಬೇರೂರಿದೆ. ಪೊರೆಯ ಮಟ್ಟಿಗೆ ಆ ನಂಬಿಕೆ ನಿಜ. ಗ್ಲಾಕೋಮಾದಲ್ಲಿ ಹೋದ ನೋಟ ಹೋದದ್ದೇ, ಯಾವ ಆಪರೇಷನ್ನೂ ತಂದುಕೊಡದು. ಡ್ರಾಪ್ಸ್ ಇರುವುದು ಉಳಿದದ್ದನ್ನು ಕಾಯುವುದಕ್ಕೆ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಎರಡು ಬಾಟಲಿ ಮುಗಿಯುವ ಹೊತ್ತಿಗೆ, “ಏನೂ ಗುಣ ಕಾಣಲಿಲ್ಲ” ಎಂದು ಮೂರನೆಯದನ್ನು ಫ್ರಿಜ್‌ನಲ್ಲೇ ಬಿಡುತ್ತಾರೆ.

ಅಮ್ಮನಿಗೆ ನಾಟಿದ್ದು ಬಿಪಿಯ ಹೋಲಿಕೆ. ಬಿಪಿ ಮಾತ್ರೆ ನುಂಗಿದರೆ ಮೈಗೆ ಏನೂ ಗೊತ್ತಾಗುವುದಿಲ್ಲ, ಆದರೂ ಅವಳು ಬಿಡುವುದಿಲ್ಲ, ಅದೇ ಔಷಧಿ ನಿಲ್ಲಿಸಿ ಪಾರ್ಶ್ವವಾಯು ಹೊಡೆದ ನೆಂಟರನ್ನು ಕಣ್ಣಾರೆ ಕಂಡಿದ್ದಾಳೆ. “ಇದು ಕಣ್ಣಿನ ಬಿಪಿ” ಎಂದೆ. ವೈದ್ಯರ ಪ್ರಕಾರ ಹೋಲಿಕೆ ಒರಟು, ತೋಳಿನ ಬಿಪಿಗೂ ಕಣ್ಣಿನ ಒತ್ತಡಕ್ಕೂ ನೇರ ಸಂಬಂಧ ಇಲ್ಲ. ಆದರೆ ಕೆಲಸ ಆಯಿತು.

ಅಂಕಿ ಕೇಳುವ ಅಪ್ಪಂದಿರಿಗೆ ಬೇರೆ ಉತ್ತರ ಇದೆ. ಕಣ್ಣಿನ ಒತ್ತಡ ಹೆಚ್ಚಿದ್ದು ನರಕ್ಕೆ ಇನ್ನೂ ಪೆಟ್ಟಾಗಿರದ 1,600ಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಐದು ವರ್ಷದಲ್ಲಿ ಡ್ರಾಪ್ಸ್ ಇಲ್ಲದವರಲ್ಲಿ ನೂರಕ್ಕೆ 9.5 ಮಂದಿಗೆ ಗ್ಲಾಕೋಮಾ ಶುರುವಾಗಿತ್ತು, ಡ್ರಾಪ್ಸ್ ಹಾಕಿದವರಲ್ಲಿ 4.4. ಅರ್ಧಕ್ಕಿಂತ ಕಡಿಮೆ.

ಹಾಕಿಕೊಳ್ಳುವುದನ್ನು ಒಂದು ಸಲ ಕೂತು ನೋಡಿ

ಇಡೀ ಬರಹದಲ್ಲಿ ಒಂದನ್ನಷ್ಟೇ ಮಾಡುವುದಾದರೆ ಇದನ್ನು ಮಾಡಿ. ನಾನು ನಾಲ್ಕು ವರ್ಷ ಔಷಧಿ ತಂದುಕೊಟ್ಟೆ, ಅಮ್ಮ ಹಾಕಿಕೊಳ್ಳುವುದನ್ನು ಒಂದು ದಿನವೂ ನೋಡಿರಲಿಲ್ಲ. ಚೀಟಿ ಬರೆದುಕೊಟ್ಟ ಕಡೆಯೂ ಯಾರೂ ತೋರಿಸಿಕೊಟ್ಟಿರಲಿಲ್ಲ.

ಹೊಸ ಬಾಟಲಿ ಕೈಗೆ ಕೊಟ್ಟೆ. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಸೆರಗಿಗೆ ಒರೆಸಿ, ಬಾಟಲಿಯ ಮೂತಿಗೆ ಚುಚ್ಚಿದಳು! ನಮ್ಮಲ್ಲಿ ಸಿಗುವ ಎಷ್ಟೋ ಬಾಟಲಿಗಳ ಮುಚ್ಚಳದ ಒಳಗಡೆಯೇ ಒಂದು ಮುಳ್ಳು ಇರುತ್ತದೆ. ಮುಚ್ಚಳವನ್ನು ಬಿಗಿಯಾಗಿ ಕೆಳಗಿನವರೆಗೆ ತಿರುಗಿಸಿದರೆ ಸರಿಯಾದ ಅಳತೆಯ ತೂತು ಬೀಳುತ್ತದೆ. ಪಿನ್ನು ಚುಚ್ಚಿದರೆ ತೂತು ದೊಡ್ಡದಾಗಿ ಹನಿ ದಪ್ಪವಾಗುತ್ತದೆ, ಪಿನ್ನಿನ ಕೊಳೆ ಔಷಧಿಗೆ ಸೇರುತ್ತದೆ.

ಆಮೇಲೆ ನಿಂತುಕೊಂಡೇ ಕತ್ತು ಹಿಂದೆ ಚಾಚಿ, ಬಾಟಲಿಯನ್ನು ಒಂದು ಗೇಣು ಎತ್ತರ ಹಿಡಿದು ಹಿಂಡಿದಳು. ಮೊದಲನೆಯದು ಹುಬ್ಬಿಗೆ. ಎರಡನೆಯದಕ್ಕೆ ಕಣ್ಣು ಮುಚ್ಚಿಬಿಟ್ಟಳು. ಮೂರನೆಯದು ಒಳಗೆ ಹೋಯಿತು. “ಇನ್ನೊಂದು ಇರಲಿ” ಎಂದು ನಾಲ್ಕನೆಯದು. ಕೊನೆಗೆ ಪಟಪಟನೆ ರೆಪ್ಪೆ ಬಡಿದು ಸೆರಗಿನಲ್ಲಿ ಒತ್ತಿ ಒರೆಸಿಕೊಂಡಳು.

ಸರಿಯಾದ ಕ್ರಮ ಹೀಗೆ. ಕೈ ತೊಳೆದು, ಮಲಗಿ ಇಲ್ಲವೇ ಕುರ್ಚಿಗೆ ತಲೆ ಒರಗಿಸಿ ಕೂತುಕೊಳ್ಳಿ. ಕನ್ನಡಕ ತೆಗೆಯಿರಿ. ಬಾಟಲಿಯ ಮೇಲೆ ‘ಕುಲುಕಿ’ ಎಂದಿದ್ದರೆ ಕುಲುಕಿ. ಬ್ರಿನ್ಜೋಲಮೈಡ್ ಅಂಥದ್ದು, ಕುಲುಕದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಎಡಗೈ ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದರೆ ಪುಟ್ಟ ಜೇಬಿನ ಹಾಗೆ ಆಗುತ್ತದೆ. ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೋ ಎಡಗೈ ಗಿಣ್ಣಿನ ಮೇಲೋ ಊರಿ, ಆಗ ನಡುಗುವುದಿಲ್ಲ. ದೃಷ್ಟಿ ಸೂರಿನ ಕಡೆಗಿರಲಿ. ಒಂದೇ ಹನಿಯನ್ನು ಆ ಜೇಬಿಗೆ ಬೀಳಿಸಿ. ಮೂತಿ ಕಣ್ಣಿಗೋ ರೆಪ್ಪೆಗೋ ತಾಗಬಾರದು.

ಒಂದೇ ಯಾಕೆ? ಕಣ್ಣು ಹಿಡಿದಿಟ್ಟುಕೊಳ್ಳುವುದೇ ಸುಮಾರು 30 ಮೈಕ್ರೋಲೀಟರ್. ಒಂದು ಹನಿಯೇ ಅಷ್ಟಿರುತ್ತದೆ, ಕೆಲವು ಬಾಟಲಿಗಳಲ್ಲಿ ಅದಕ್ಕಿಂತ ಹೆಚ್ಚು. ಎರಡನೆಯದು ಸೀದಾ ಕೆನ್ನೆಗೆ, ದುಡ್ಡಿನ ಸಮೇತ.

ಹನಿ ಬಿದ್ದ ಮೇಲೆ ಕಣ್ಣು ಮೆತ್ತಗೆ ಮುಚ್ಚಿ. ಹಿಂಡಬೇಡಿ, ಪಿಳಿಪಿಳಿ ಮಾಡಬೇಡಿ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಅಲ್ಲಿದೆ. ಅದನ್ನು ಮುಚ್ಚಿದರೆ ಔಷಧಿ ಕಣ್ಣಿನಲ್ಲೇ ನಿಲ್ಲುತ್ತದೆ, ಗಂಟಲು ಕಹಿಯಾಗುವುದು ತಪ್ಪುತ್ತದೆ, ರಕ್ತಕ್ಕೆ ಸೇರುವುದೂ ಕಡಿಮೆಯಾಗುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಕನಿಷ್ಠ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ.

ಕಣ್ಣು ತೆರೆದಿಡಲು ಆಗದವರಿಗೆ ಇನ್ನೊಂದು ದಾರಿ: ಅಂಗಾತ ಮಲಗಿ ಕಣ್ಣು ಮುಚ್ಚಿ, ಒಳಮೂಲೆಯ ಮೇಲೆ ಹನಿ ಬಿಟ್ಟು, ಆಮೇಲೆ ಕಣ್ಣು ತೆರೆದರೆ ತಾನೇ ಒಳಗೆ ಜಾರುತ್ತದೆ. ಬೆರಳಿನ ಗಂಟುಗಳು ಹಿಡಿದುಕೊಂಡು ಬಾಟಲಿ ಹಿಂಡಲಾಗದವರಿಗೆ ಬೇರೆಯವರ ಕೈಯೇ ಗತಿ, ಅದರಲ್ಲಿ ನಾಚಿಕೆ ಇಲ್ಲ. ಬಾಟಲಿಗೆ ಸಿಕ್ಕಿಸಿ ಕಣ್ಣಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಸಾಧನಗಳೂ ಇವೆ. ನನಗೆ ತುಂಬ ಹಿಡಿಸಿದ ಉಪಾಯ ಫ್ರಿಜ್‌ನದು: ಹನಿ ತಣ್ಣಗಿದ್ದರೆ ಒಳಗೆ ಬಿದ್ದದ್ದು ಗೊತ್ತಾಗುತ್ತದೆ. “ಬಿತ್ತೋ ಇಲ್ವೋ” ಎಂಬ ಅನುಮಾನಕ್ಕೆ ಎರಡನೇ ಹನಿ ಹಾಕುವ ಅಭ್ಯಾಸ ಅಮ್ಮನಿಗೆ ಬಿಟ್ಟದ್ದು ಹೀಗೆ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ.

ಹೊತ್ತು ಗೊತ್ತು ಮಾಡುವುದು

ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ. ಮೂರು ದಿನ ನಡೆಯಿತು. ನಾಲ್ಕನೇ ದಿನದಿಂದ ಅಲಾರಂ ಆಫ್ ಮಾಡುವುದೇ ಒಂದು ಅಭ್ಯಾಸವಾಯಿತು.

ನಿಜವಾದ ತೊಡಕು ಕಂಡದ್ದು ಒಂದು ರಾತ್ರಿ ಅಲ್ಲೇ ಕೂತು ನೋಡಿದಾಗ. ಡ್ರಾಪ್ಸ್ ಹಾಕಬೇಕಾದ್ದು ಮಲಗುವ ಮುಂಚೆ. ಬಾಟಲಿ ಇರುವುದು ಅಡುಗೆಮನೆಯ ಫ್ರಿಜ್‌ನಲ್ಲಿ. ಅಮ್ಮ ಮುಸುರೆ ಮುಗಿಸಿ, ಒಲೆಕಟ್ಟೆ ಒರೆಸಿ, ದೀಪ ಆರಿಸಿದ ಮೇಲೆ ಬೆಳಗಾಗುವವರೆಗೆ ಅಡುಗೆಮನೆಗೆ ಕಾಲಿಡುವುದಿಲ್ಲ. ಹಾಸಿಗೆಯಲ್ಲಿ ಮಲಗಿದ ಮೇಲೆ ನೆನಪಾಗುತ್ತಿತ್ತು, ಏಳುತ್ತಿರಲಿಲ್ಲ. ಮರೆವು ಎನ್ನುವುದಕ್ಕಿಂತ ಹದಿನೈದು ಹೆಜ್ಜೆ ದೂರ ಎನ್ನಬೇಕು. ಈಗ ಪಾತ್ರೆ ತೊಳೆದು ಕೈ ಒರೆಸಿಕೊಂಡ ತಕ್ಷಣ, ದೀಪ ಆರಿಸುವ ಮೊದಲು, ಅಲ್ಲೇ ಸ್ಟೂಲಿನ ಮೇಲೆ ಕೂತು ಹಾಕಿಕೊಳ್ಳುತ್ತಾಳೆ. ಕೈಯೂ ತೊಳೆದಿರುತ್ತದೆ.

ನಿಮ್ಮ ಮನೆಯ ಕೊಂಡಿ ಬೇರೆ ಇರಬಹುದು: ಬೆಳಗಿನ ಕಾಫಿ, ಸಂಜೆಯ ದೇವರ ದೀಪ, ರಾತ್ರಿಯ ಶುಗರ್ ಮಾತ್ರೆ. ಎಂದೂ ತಪ್ಪದ ಒಂದು ಕೆಲಸಕ್ಕೆ ಡ್ರಾಪ್ಸನ್ನು ಗಂಟು ಹಾಕಿ. ಟಿಮೊಲಾಲ್‌ನಂಥವನ್ನು ದಿನಕ್ಕೆ ಎರಡು ಸಲ ಬರೆದುಕೊಟ್ಟಿದ್ದರೆ ನಡುವೆ ಸುಮಾರು ಹನ್ನೆರಡು ಗಂಟೆ ಇರಲಿ. ರಾತ್ರಿಯ ಡ್ರಾಪ್ಸ್ ಏನು ಮಾಡಿದರೂ ತಪ್ಪುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಒಂದು ದಿನ ಬಿಟ್ಟುಹೋಯಿತೆಂದು ಮರುದಿನ ಎರಡೆರಡು ಹಾಕಬೇಡಿ. ಲಟಾನೊಪ್ರಾಸ್ಟ್‌ನಂಥ ಔಷಧಿಯನ್ನು ದಿನಕ್ಕೊಂದಕ್ಕಿಂತ ಹೆಚ್ಚು ಸಲ ಹಾಕಿದರೆ ಗುಣ ಹೆಚ್ಚುವ ಬದಲು ತಗ್ಗಬಹುದು.

ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇದ್ದರೆ ವಿಡಿಯೊ ಕಾಲ್ ಹೊತ್ತನ್ನೇ ಡ್ರಾಪ್ಸ್ ಹೊತ್ತು ಮಾಡಿಕೊಳ್ಳಬಹುದು. ಪೊಲೀಸ್ ವಿಚಾರಣೆ ಆಗದಂತೆ ನೋಡಿಕೊಳ್ಳಿ, ಅಷ್ಟೆ.

ಉಪವಾಸದ ದಿನ ಔಷಧಿ ಬಿಡುವವರಿದ್ದಾರೆ. ಏಕಾದಶಿಗೆ ಕಣ್ಣಿನ ಹನಿ ಅಡ್ಡಿಯಲ್ಲ ಎಂದರೆ ಅಮ್ಮ ಒಪ್ಪಿದಳು. ರಂಜಾನ್ ಉಪವಾಸ ಮಾಡುವವರಲ್ಲಿ ಹಲವರು ಹಗಲಿನ ಹನಿಗೆ ಹಿಂಜರಿಯುತ್ತಾರೆ. ದಿನಕ್ಕೆ ಎರಡು ಸಲದ್ದನ್ನು ಸಹರಿ ಹೊತ್ತಿಗೂ ಇಫ್ತಾರ್ ಆದ ಮೇಲೂ ಹೊಂದಿಸಿಕೊಳ್ಳಬಹುದು. ತಿಂಗಳಿಡೀ ಬಿಡುವ ಬದಲು ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಹೇಳದೆ ಬಿಡುವ ಕಾರಣಗಳು

ಎದುರುಮನೆಯವರೊಬ್ಬರು, “ಏನಕ್ಕಾ, ಕಣ್ಣು ಕೆಂಪಗಿದೆ, ನಿದ್ದೆ ಇಲ್ವಾ?” ಎಂದದ್ದಕ್ಕೆ ಅಮ್ಮ ಒಂದು ವಾರ ಡ್ರಾಪ್ಸ್ ಬಿಟ್ಟಿದ್ದಳಂತೆ. ನನಗೆ ಹೇಳಿದ್ದು ಆರು ತಿಂಗಳಾದ ಮೇಲೆ. ಲಟಾನೊಪ್ರಾಸ್ಟ್, ಬಿಮಾಟೊಪ್ರಾಸ್ಟ್, ಟ್ರಾವೊಪ್ರಾಸ್ಟ್ ಗುಂಪಿನ ಔಷಧಿಗಳಿಂದ ಕಣ್ಣು ಕೆಂಪಾಗುತ್ತದೆ, ರೆಪ್ಪೆಗೂದಲು ಉದ್ದವಾಗುತ್ತದೆ, ಕಣ್ಣಿನ ಸುತ್ತ ಕಪ್ಪಾಗುತ್ತದೆ. ಹಾಕಿದ ಮೇಲೆ ಚರ್ಮದ ಮೇಲೆ ಹರಿದದ್ದನ್ನು ಒರೆಸಿಕೊಂಡರೆ ಕಪ್ಪಾಗುವುದು ತಗ್ಗುತ್ತದೆ. ಬ್ರಿಮೊನಿಡಿನ್ ಕೆಲವರಿಗೆ ಅಲರ್ಜಿ ತರುತ್ತದೆ, ಬಾಯಿ ಒಣಗಿಸುತ್ತದೆ, ತೂಕಡಿಕೆ ತರುತ್ತದೆ. ಡಾರ್ಜೋಲಮೈಡ್ ಉರಿಯುತ್ತದೆ, ಬಾಯಿ ಕಹಿ ಮಾಡುತ್ತದೆ.

ಟಿಮೊಲಾಲ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಅದು ಕಣ್ಣಿಗೆ ಹಾಕಿದರೂ ಎದೆಯವರೆಗೆ ಹೋಗುವ ಔಷಧಿ. ದಮ್ಮು ಇರುವವರಿಗೆ ಉಸಿರು ಕಟ್ಟಿಸಬಹುದು, ನಾಡಿಬಡಿತ ನಿಧಾನ ಮಾಡಬಹುದು. ಆಸ್ತಮಾ, ಹೃದಯದ ತೊಂದರೆ ಇದ್ದರೆ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಹಾಕಲು ಶುರು ಮಾಡಿದ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ತಲೆ ಸುತ್ತಿದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಇವೆಲ್ಲಕ್ಕೂ ಬೇರೆ ಔಷಧಿ ಇದೆ, ಸಂರಕ್ಷಕ ರಾಸಾಯನಿಕ ಇಲ್ಲದ ಡ್ರಾಪ್ಸೂ ಇವೆ. ಹೇಳಿದರೆ ಬದಲಿಸುತ್ತಾರೆ. ಹೇಳದೆ ಬಿಟ್ಟವರು ಸಾಮಾನ್ಯವಾಗಿ ಎರಡು ಹಳ್ಳಗಳಲ್ಲಿ ಬೀಳುತ್ತಾರೆ. ಒಂದು, ಮೆಡಿಕಲ್ ಶಾಪಿಗೆ ಹೋಗಿ “ಕೆಂಪಿಗೆ ಏನಾದ್ರೂ ಕೊಡಿ” ಎನ್ನುವುದು. ಅಲ್ಲಿ ಕೊಡುವುದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಎರಡೇ ದಿನಕ್ಕೆ ಇಳಿಯುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ಗ್ಲಾಕೋಮಾ ಇರುವವರಿಗೆ ಇದಕ್ಕಿಂತ ಕೆಟ್ಟ ವ್ಯಾಪಾರ ಇಲ್ಲ. ಇನ್ನೊಂದು, ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ. ನಂದಿಬಟ್ಟಲು ನಮ್ಮ ಅಂಗಳದಲ್ಲೂ ಇದೆ, ದೇವರಿಗೆ ಏರಿಸುತ್ತೇವೆ. ಕಣ್ಣಿಗೆ ಬೇಡ.

ದುಡ್ಡು, ದಾಸ್ತಾನು, ಬಿಸಿಲು

ಜೀವನಪೂರ್ತಿ ಬೇಕಾದ ಔಷಧಿಯ ದುಡ್ಡು ಹಗುರವಲ್ಲ. ಅದನ್ನು ಡಾಕ್ಟರ ಮುಂದೆ ಹೇಳಲು ಸಂಕೋಚಪಟ್ಟು ಹನಿ ಉಳಿಸುವವರಿದ್ದಾರೆ, ಒಂದು ಕಣ್ಣಿಗೆ ಮಾತ್ರ ಹಾಕಿಕೊಳ್ಳುವವರೂ ಇದ್ದಾರೆ. ಕಡಿಮೆ ಬೆಲೆಯ ಜೆನೆರಿಕ್ ಬರೆದುಕೊಡಿ ಎಂದು ಕೇಳಿ, ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ವಿಚಾರಿಸಿ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗ, ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಆಸ್ಪತ್ರೆ ಇವೆ. ಎರಡು ಔಷಧಿ ಒಂದೇ ಬಾಟಲಿಯಲ್ಲಿರುವ ಜೋಡಿ ಡ್ರಾಪ್ಸ್ ಸಿಕ್ಕರೆ ಹಾಕುವ ಕೆಲಸವೂ ಅರ್ಧವಾಗುತ್ತದೆ.

ಬಾಟಲಿ ತೆರೆದ ದಿನಾಂಕವನ್ನು ಮಾರ್ಕರಿನಲ್ಲಿ ಅದರ ಮೇಲೇ ಬರೆಯಿರಿ. ಹೆಚ್ಚಿನವನ್ನು ತೆರೆದ ಒಂದು ತಿಂಗಳಿಗೆ ಎಸೆಯಬೇಕು, ಒಳಗೆ ಉಳಿದಿದ್ದರೂ. ಸಾಮಾನ್ಯ ಲಟಾನೊಪ್ರಾಸ್ಟನ್ನು ತೆರೆಯುವವರೆಗೆ 2ರಿಂದ 8 ಡಿಗ್ರಿಯಲ್ಲಿಡಬೇಕು, ತೆರೆದ ಮೇಲೆ 25 ಡಿಗ್ರಿಯೊಳಗಿದ್ದರೆ ಹೊರಗಿಡಬಹುದು. ಮಡಿಕೇರಿಯಲ್ಲಿ ಅದು ನಡೆದೀತು. ಏಪ್ರಿಲ್‌ನ ಕಲಬುರಗಿ, ರಾಯಚೂರಿನಲ್ಲಿ 40 ದಾಟುವಾಗ ಕಪಾಟಿನಲ್ಲಿಟ್ಟರೆ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಾದರೆ ಹಾಗೆಂದು ಹೇಳಿ, ಫ್ರಿಜ್ ಬೇಡದವೂ ಇವೆ. ಮದುವೆಗೋ ಧರ್ಮಸ್ಥಳಕ್ಕೋ ಹೊರಟರೆ ಬಾಟಲಿ ಕೈಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಯಲ್ಲಿ ಬೇಡ. ಒಂದು ಬಾಟಲಿ ಯಾವಾಗಲೂ ಹೆಚ್ಚಿಗೆ ಇರಲಿ.

ಡಾಕ್ಟರ ಮುಂದೆ

ಅಪಾಯಿಂಟ್‌ಮೆಂಟ್ ವಾರದಲ್ಲಿ ಎಲ್ಲರೂ ಶ್ರದ್ಧೆಯಿಂದ ಹಾಕಿಕೊಳ್ಳುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗರ ಹಾಗೆ. ಅವತ್ತು ಅಳೆದರೆ ಒತ್ತಡ ಸರಿಯಾಗೇ ಬರುತ್ತದೆ. ಬದಿಯ ನೋಟ ಎಷ್ಟು ಉಳಿದಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಮಾತ್ರ ಹಿಂದಿನದಕ್ಕಿಂತ ಕೆಟ್ಟಿರುತ್ತದೆ. ಒತ್ತಡ ಇಷ್ಟು ಚೆನ್ನಾಗಿದ್ದೂ ನೋಟ ಹೋಗುತ್ತಿದೆಯಲ್ಲ, ಔಷಧಿ ಸಾಲದು ಎಂದು ಡಾಕ್ಟರ್ ಇನ್ನೊಂದು ಬಾಟಲಿ ಸೇರಿಸುತ್ತಾರೆ, ಇಲ್ಲವೇ ಆಪರೇಷನ್ ಮಾತೆತ್ತುತ್ತಾರೆ. ತಪ್ಪಿದ ದಿನಗಳನ್ನು ಮುಚ್ಚಿಟ್ಟರೆ ಬರುವ ಬಿಲ್ ಇದು.

ಬೇಜಾರಿಲ್ಲದೆ ಹೇಳಬಹುದಾದ ಇನ್ನೊಂದು ಮಾತಿದೆ: “ನನ್ನ ಕೈಲಿ ದಿನಾ ಆಗಲ್ಲ, ಬೇರೆ ದಾರಿ ಇದೆಯಾ?” ಇದೆ. ಕಣ್ಣಿನ ಒತ್ತಡ ತಗ್ಗಿಸುವ ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆ ಕೆಲವು ನಿಮಿಷಗಳ ಕೆಲಸ. 2019ರಲ್ಲಿ ಬಂದ ಬ್ರಿಟನ್ನಿನ ಪ್ರಯೋಗದಲ್ಲಿ ಮೊದಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 74 ಮಂದಿ ಮೂರು ವರ್ಷದ ಹೊತ್ತಿಗೆ ಡ್ರಾಪ್ಸ್ ಇಲ್ಲದೆಯೇ ಹತೋಟಿಯಲ್ಲಿದ್ದರು. ಎಲ್ಲ ಬಗೆಯ ಗ್ಲಾಕೋಮಾಕ್ಕೂ ಅದು ಹೊಂದುವುದಿಲ್ಲ, ಎಲ್ಲರಲ್ಲೂ ಗುಣ ಕೊನೆಯವರೆಗೆ ನಿಲ್ಲುವುದಿಲ್ಲ. ಕೇಳುವುದರಲ್ಲಿ ನಷ್ಟ ಇಲ್ಲ.

ಹೋಗುವಾಗ ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಖಾಲಿಯಾದವು, ತೆರೆಯದವು, ಪಿನ್ನು ಚುಚ್ಚಿದವು ಎಲ್ಲ. ನಾವು ಹಾಗೇ ಹೋದೆವು. ಹಿಂದಿನ ಸಲವೇ ಅಮ್ಮನಿಗೆ ಎರಡನೇ ಡ್ರಾಪ್ಸ್ ಬರೆದಾಗಿತ್ತು. ಮೇಜಿನ ಮೇಲೆ ಸಾಲಾಗಿ ಇಟ್ಟ ಬಾಟಲಿಗಳನ್ನು ಡಾಕ್ಟರಮ್ಮ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, “ವಾರಕ್ಕೆ ಎಷ್ಟು ದಿನ ತಪ್ಪತ್ತೆ ಅಮ್ಮ?” ಎಂದರು. ಅಮ್ಮ ನನ್ನ ಕಡೆ ನೋಡಲಿಲ್ಲ. “ಮುಂಚೆ ನಾಕು. ಈಗ ಒಂದು. ಮದುವೆ-ಗಿದುವೆ ಇದ್ರೆ ಎರಡು.” ಡಾಕ್ಟರಮ್ಮ ಅದನ್ನು ಫೈಲಿನಲ್ಲಿ ಬರೆದುಕೊಂಡರು, ಎರಡನೇ ಡ್ರಾಪ್ಸ್‌ನ ಹೆಸರಿನ ಮೇಲೆ ಗೆರೆ ಎಳೆದರು, ಆರು ವಾರ ಬಿಟ್ಟು ಬರಲು ಹೇಳಿದರು.